ಆ ಕೋಣೆಯ ಗಾಳಿಯ ಬಗ್ಗೆ ಯಾರೂ ಕೇಳಲಿಲ್ಲ

ಕಳೆದ ಭಾನುವಾರ ಉಡುಪಿ ಬಳಿಯ ಹಿರಿಯಡಕದ ನಮ್ಮ ಕುಟುಂಬದ ಮನೆಯ ಚಾವಡಿಯಲ್ಲಿ ಕೇಳಿದ ಒಂದು ಮಾತು, ಮಂಗಳೂರಿಗೆ ಮರಳಿ ಮೂರು ದಿನವಾದರೂ ಕಿವಿಯಿಂದ ಹೋಗಿಲ್ಲ. ಚಿಕ್ಕಮ್ಮನ ಮಗಳಿಗೆ ಇನ್ನೇನು ಕೂಡಿಬಂದಿತ್ತು ಎನ್ನುವಂಥ ಸಂಬಂಧವೊಂದು ಮುರಿದುಬಿತ್ತು. ಮಧ್ಯಸ್ಥಿಕೆ ವಹಿಸಿದ್ದ ಹಿರಿಯರು ಬೆಲ್ಲ ನೀರನ್ನು ಮುಟ್ಟದೆ, "ನಿಮ್ಮಲ್ಲಿ ಇಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದೆಯಲ್ಲ, ಅದು ರಕ್ತದಲ್ಲಿ ಇಳಿದು ಬರುವಂಥದ್ದು ಎಂದು ಹುಡುಗನ ಕಡೆಯವರು ಹೇಳುತ್ತಾರೆ" ಎಂದರು. ಬಾಗಿಲ ಬಳಿ ನಿಂತಿದ್ದ ಹುಡುಗಿ ಮಾತಿಲ್ಲದೆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಬೆಲ್ಲದ ತುಂಡು ತಟ್ಟೆಯಲ್ಲಿ ಹಾಗೇ ಇತ್ತು.

ಚಿಕ್ಕಮ್ಮನನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹರೆಯದಲ್ಲಿ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರೇ ಹೊರತು ಒಂದು ದಿನವೂ ಸೇದಿದವರಲ್ಲ. ಕಾಯಿಲೆ ಗೊತ್ತಾದಾಗ ಎಲ್ಲರೂ ಮೊದಲು ಕೇಳಿದ್ದು ಸೇದುವ ಅಭ್ಯಾಸವಿತ್ತೇ ಎಂದು. ಎರಡನೆಯದಾಗಿ, ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು. ಸೋದರಮಾವನಿಗೆ ಇತ್ತು ಎಂದೊಡನೆ ವಿಚಾರಣೆ ಅಲ್ಲಿಗೇ ಮುಗಿಯಿತು. ಮಾವ ಮತ್ತು ಚಿಕ್ಕಮ್ಮ ಇಬ್ಬರೂ ಒಬ್ಬರ ನಂತರ ಒಬ್ಬರು ದಶಕಗಳ ಕಾಲ ಮಲಗಿದ್ದು ಒಂದೇ ಕೋಣೆಯಲ್ಲಿ ಎಂಬುದನ್ನು ಯಾರೂ ಕೇಳಲಿಲ್ಲ. ಗುಡ್ಡ ಕಡಿದು ಕಟ್ಟಿದ ಆ ಮನೆಯ ಹಿಂಬದಿಯ ಕೋಣೆಯ ಗೋಡೆ ಬರೆಗೆ, ಅಂದರೆ ಕಡಿದ ಗುಡ್ಡದ ಮಣ್ಣಿಗೆ, ತಾಗಿಕೊಂಡಿದೆ. ಕೆಂಪು ಕಾವಿಯ ನೆಲದಲ್ಲಿ, ಮಂಚದ ಕಾಲಿನಿಂದ ಗೋಡೆಯ ಬುಡದ ತನಕ, ಐದು ರೂಪಾಯಿಯ ನಾಣ್ಯ ನಿಲ್ಲಿಸಬಹುದಾದಷ್ಟು ಅಗಲದ ಬಿರುಕು ಓಡಿದೆ. ಇರುವ ಒಂದೇ ಕಿಟಕಿಯನ್ನು ಮಳೆಗಾಲದ ನಾಲ್ಕು ತಿಂಗಳು ತೆರೆಯುವುದಿಲ್ಲ, ಎರಚಲು ಬರುತ್ತದೆಂದು ಸಂದಿಗೆ ಹಳೆಯ ಬಟ್ಟೆ ತುರುಕಿರುತ್ತದೆ.

ಮೂವತ್ತು ವರ್ಷ ನಾನು ಭೌತಶಾಸ್ತ್ರ ಕಲಿಸಿದವನು. ಯುರೇನಿಯಂ-238ರಿಂದ ಹೊರಟು ಸೀಸ-206ರಲ್ಲಿ ನಿಲ್ಲುವ ವಿಕಿರಣ ಕ್ಷಯದ ಸರಣಿಯನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ನಡುವೆ ರೇಡಾನ್-222 ಬರುತ್ತದೆ, ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 3.8 ದಿನ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಆ ಸರಣಿಯಲ್ಲಿ ಅದೊಂದೇ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ, ಮಣ್ಣು ಮತ್ತು ಬಂಡೆಯಿಂದ ಎದ್ದು ನೆಲದ ಬಿರುಕಿನ ಮೂಲಕ ನಾವು ಮಲಗುವ ಕೋಣೆಗೇ ಬರುತ್ತದೆ ಎಂದು ಒಂದು ತರಗತಿಗೂ ಹೇಳಲಿಲ್ಲ. ಹೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಮಾವ ತೀರಿಕೊಂಡ ಮೇಲೆ ಅದೇ ಕೋಣೆಗೆ ಚಿಕ್ಕಮ್ಮನ ಮಂಚವನ್ನು ಸಾಗಿಸಿದವರಲ್ಲಿ ನಾನೂ ಒಬ್ಬ, ಆಗಲಾದರೂ ನೆನಪಾಗಬೇಕಿತ್ತು.

ರೇಡಾನ್ ಕ್ಷಯಿಸಿದಾಗ ಹುಟ್ಟುವ ಪೊಲೋನಿಯಂ ಧೂಳಿಗೆ ಅಂಟಿಕೊಂಡು ಉಸಿರಿನೊಂದಿಗೆ ಒಳಗಿಳಿಯುತ್ತದೆ. ಅದು ಹೊರಸೂಸುವ ಆಲ್ಫಾ ಕಣವನ್ನು ಹೊರಗಡೆ ಒಂದು ಹಾಳೆ ಕಾಗದ ತಡೆಯಬಲ್ಲದು, ಆದರೆ ಶ್ವಾಸಕೋಶದ ಒಳಪದರದಲ್ಲಿ ಕೂತು ಸಿಡಿದರೆ ಪಕ್ಕದ ಜೀವಕೋಶದ ಡಿಎನ್ಎಯ ಎರಡೂ ಎಳೆಗಳನ್ನು ಒಟ್ಟಿಗೇ ತುಂಡರಿಸಬಲ್ಲದು. 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮನೆಯ ಗಾಳಿಯಲ್ಲಿ ರೇಡಾನ್ ಘನ ಮೀಟರಿಗೆ 100 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್) ಏರಿದಂತೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಶೇಕಡ 16ರಷ್ಟು ಏರುತ್ತದೆ. ಸೇದದವರಲ್ಲಿ ಇದು ಸಣ್ಣ ಸಂಖ್ಯೆಯೇ: 75 ವರ್ಷದೊಳಗೆ ಕಾಯಿಲೆ ಬರುವ ಸಂಭವ ರೇಡಾನ್ ಇಲ್ಲದಲ್ಲಿ ಶೇಕಡ 0.4, 400 ಬೆಕೆರೆಲ್ ಇರುವಲ್ಲಿ 0.7. ಸೇದುವವರಲ್ಲಿ ಅದೇ ಲೆಕ್ಕ 10ರಿಂದ 16ಕ್ಕೆ ಹೋಗುತ್ತದೆ. ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಚಿಕ್ಕಮ್ಮನಿಗೆ ರೇಡಾನಿನಿಂದಲೇ ಬಂತೆಂದೂ ಹೇಳುತ್ತಿಲ್ಲ; ಬಚ್ಚಲ ಒಲೆಯ ಹೊಗೆಯಿಂದಲೂ, ಹೊಗೆಸೊಪ್ಪಿನ ಪುಡಿಯಿಂದಲೂ ಬಂದಿರಬಹುದು. ಇವುಗಳಲ್ಲಿ ಒಂದನ್ನೂ ಕೇಳದೆ ರಕ್ತದ ಮೇಲೆ ಹೊರಿಸಿದರಲ್ಲ, ನನ್ನ ಸಿಟ್ಟು ಅದರ ಮೇಲೆ.

ಹಾಗಾದರೆ ರಕ್ತಕ್ಕೆ ಪಾತ್ರವೇ ಇಲ್ಲವೇ? ಇದೆ. ಹತ್ತಿರದ ಬಂಧುಗಳಲ್ಲಿ ಈ ಕಾಯಿಲೆ ಇದ್ದರೆ ಅಪಾಯ ಸ್ವಲ್ಪ ಹೆಚ್ಚು ಎಂಬುದು ನಿಜ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ. ಜಿಎಸ್‌ಟಿಎಂ1 ಎಂಬ ಜೀನ್ ಇದೆ, ದೇಹದೊಳಗಿನ ವಿಷವನ್ನು ನಿವಾರಿಸುವ ಕಿಣ್ವವೊಂದನ್ನು ಅದು ತಯಾರಿಸುತ್ತದೆ. ಬಹಳ ಜನರಲ್ಲಿ ತಾಯಿಯಿಂದಲೂ ತಂದೆಯಿಂದಲೂ ಆ ಜೀನ್ ಬಂದೇ ಇರುವುದಿಲ್ಲ, ಅವರು ಆರೋಗ್ಯವಾಗಿಯೇ ಬದುಕುತ್ತಾರೆ. ಅಮೆರಿಕದ ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನೆಯ ರೇಡಾನ್ 121 ಬೆಕೆರೆಲ್ ಮೀರಿದ್ದಾಗ ಈ ಜೀನ್ ಇಲ್ಲದವರ ಮೇಲಾದ ಪರಿಣಾಮ ಇದ್ದವರಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿ ಕಂಡಿತು. ಅಧ್ಯಯನ ಚಿಕ್ಕದು, ಅಂದಾಜು ಎಷ್ಟರಿಂದ ಎಷ್ಟರವರೆಗೆ ಇರಬಹುದೆಂಬ ಅಂತರ ದೊಡ್ಡದು, ಆದ್ದರಿಂದ ಅದನ್ನೇ ಕೊನೆಯ ಮಾತೆಂದು ಹಿಡಿಯಬಾರದು. 1994ರಲ್ಲಿ ಯುರೇನಿಯಂ ಗಣಿ ಕಾರ್ಮಿಕರ 52 ಗಡ್ಡೆಗಳ ಪೈಕಿ 16ರಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಪಿ53 ಜೀನಿನ ಒಂದೇ ಜಾಗದಲ್ಲಿ ಒಂದೇ ಬದಲಾವಣೆ ಕಂಡಾಗ ರೇಡಾನಿನ ಹೆಜ್ಜೆಗುರುತು ಸಿಕ್ಕಿತೆಂದು ಸಂಭ್ರಮಿಸಿದ್ದರು, ಆಮೇಲಿನ ಅಧ್ಯಯನಗಳಲ್ಲಿ ಅದು ಮತ್ತೆ ಸಿಗಲಿಲ್ಲ. ಹೀಗಿರುವಾಗ, ವಿಜ್ಞಾನಿಗಳು ಇಷ್ಟು ಎಚ್ಚರದಿಂದ ಆಡುವ ಮಾತನ್ನು ನಮ್ಮ ಚಾವಡಿಯಲ್ಲಿ ಒಂದು ಹುಡುಗಿಯ ಮುಖದೆದುರು ತೀರ್ಪಿನಂತೆ ಹೇಳಿಬಿಡುತ್ತಾರೆ. ಆ ಜೀನ್ ಇಲ್ಲದವಳು ಗಾಳಿಯಾಡುವ ಮನೆಯಲ್ಲಿ ಮಲಗಿದರೆ ಲೆಕ್ಕವೇ ಬೇರೆ.

ಇದನ್ನು ಫೋನಿನಲ್ಲಿ ಹೇಳಿದಾಗ ಹಳೆಯ ಸಹೋದ್ಯೋಗಿಯೊಬ್ಬರು ಕೇರಳದ ಕರುನಾಗಪಳ್ಳಿಯನ್ನು ನೆನಪಿಸಿದರು. ಥೋರಿಯಂ ಎಂಬ ವಿಕಿರಣಶೀಲ ಧಾತುವಿರುವ ಮೊನಜೈಟ್ ಮರಳಿನ ಆ ಊರಿನಲ್ಲಿ ವಿಕಿರಣ ಹೆಚ್ಚಿದ್ದರೂ ಅದರಿಂದ ಕ್ಯಾನ್ಸರ್ ಹೆಚ್ಚಿಲ್ಲವೆಂದು 2009ರ ಅಧ್ಯಯನ ತೋರಿಸಿದೆಯಲ್ಲ ಎಂದರು. ನಿಜ, ನಮ್ಮ ಉಳ್ಳಾಲದ ಕಡಲತೀರದಲ್ಲೂ ಅಂಥ ಮರಳಿದೆ. ಆದರೆ ಅಲ್ಲಿ ಲೆಕ್ಕ ಹಾಕಿದ್ದು ಥೋರಿಯಂ ಮರಳಿನಿಂದ ಬರುವ ಗಾಮಾ ಕಿರಣವನ್ನು. ಬರೆಗೆ ತಾಗಿದ ಕೋಣೆಯೊಳಗೆ ಉಸಿರಾಡಿದ ಅನಿಲಕ್ಕೆ ಅದು ಉತ್ತರವಾಗುವುದಿಲ್ಲ. ಕರಾವಳಿಯ ಮನೆಗಳಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಎಂದೂ ಅವರು ಹೇಳಿದರು. ಹಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಈಗ ತಾರಸಿ ಬಂದಿದೆ, ಗಾಜಿನ ಕಿಟಕಿ ಬಂದಿದೆ, ಸೆಖೆಗೆ ಎಸಿ ಹಾಕಿ ಸಂದುಗೊಂದು ಮುಚ್ಚುತ್ತೇವೆ. ಅಳೆಯದೆ ಹೇಗೆ ಹೇಳುವುದು?

ಅಳೆಯುವುದು ಕಷ್ಟವೂ ಅಲ್ಲ. ಅಂಗೈಯಲ್ಲಿ ಹಿಡಿಸುವ ಡಬ್ಬಿಯೊಳಗೆ ಒಂದು ಫಿಲ್ಮ್ ಚೂರು ಇರುತ್ತದೆ, ಆಲ್ಫಾ ಕಣ ಬಿದ್ದಲ್ಲೆಲ್ಲ ಅದರಲ್ಲಿ ಗುರುತು ಉಳಿಯುತ್ತದೆ, ಮೂರು ತಿಂಗಳು ತೂಗುಹಾಕಿ ಆಮೇಲೆ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ 100 ಬೆಕೆರೆಲ್. ಮೀರಿದ್ದರೆ ಬಿರುಕು ಮುಚ್ಚಬಹುದು, ಗಾಳಿಗೆ ದಾರಿ ಮಾಡಬಹುದು, ನೆಲದಡಿಯಿಂದ ಕೊಳವೆ ಇಟ್ಟು ಫ್ಯಾನಿನಿಂದ ಹೊರಗೆಳೆಯಬಹುದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣವನ್ನು ಅಳೆಯುವುದನ್ನೇ ಕಸುಬಾಗಿ ಮಾಡಿಕೊಂಡ ಕೇಂದ್ರವಿದೆ. ಮಂಗಳೂರಿನ ನಮ್ಮ ಮನೆಯಿಂದ ಬಹಳ ದೂರವೇನೂ ಅಲ್ಲ, ಆದರೂ ಇಷ್ಟು ವರ್ಷ ನಾನು ವಿಚಾರಿಸಲಿಲ್ಲ.

ನಮ್ಮಲ್ಲಿ ಬರಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಚಿಕ್ಕಮ್ಮನ ಮಗಳ ಬರಿಯೇ ನನ್ನದೂ, ಅವಳ ರಕ್ತದ ಬಗ್ಗೆ ಆಡಿದ ಮಾತು ನನ್ನ ರಕ್ತಕ್ಕೂ ತಾಗುತ್ತದೆ, ಆದರೆ ಅರುವತ್ತು ದಾಟಿದ ನನ್ನನ್ನು ಯಾರೂ ಬೇಡವೆನ್ನಲಿಲ್ಲ. ಸೋಮವಾರ ರಾತ್ರಿ ಅವಳೇ ಫೋನ್ ಮಾಡಿದ್ದಳು. ಮದುವೆಯ ಮಾತೆತ್ತದೆ, "ಅಣ್ಣ, ಅಮ್ಮನ ಕೋಣೆಯಲ್ಲಿ ಈಗ ನಾನು ಮಲಗುತ್ತಿದ್ದೇನೆ, ಅದನ್ನು ಅಳೆಸಲು ಆಗುತ್ತದೆಯೇ?" ಎಂದು ಕೇಳಿದಳು. ಈ ವಾರ ವಿಚಾರಿಸಿ, ಡಬ್ಬಿ ಸಿಕ್ಕಿದ ಕೂಡಲೇ ಹಿರಿಯಡಕಕ್ಕೆ ಹೋಗುತ್ತೇನೆ. ಅಲ್ಲಿಯ ತನಕ ಮಂಚವನ್ನು ಚಾವಡಿಯ ಪಕ್ಕದ ಕೋಣೆಗೆ ಎಳೆದುಕೋ, ಕಿಟಕಿಯ ಸಂದಿಯ ಬಟ್ಟೆಯನ್ನು ತೆಗೆ ಎಂದಿದ್ದೇನೆ.