ಅವರ ಕ್ಯಾನಿನ ನೈಟ್ರೇಟಿಗೆ ನಾನೇಕೆ ತಲೆ ತಗ್ಗಿಸಬೇಕಿತ್ತು?

ಮನೆಯಲ್ಲಿ ಹವಳ ಬೆಳೆಸುವ ನನ್ನ ಮರೈನ್ (ಉಪ್ಪುನೀರಿನ) ಟ್ಯಾಂಕಿಗೆಂದು ಅಕ್ವೇರಿಯಂ ಅಂಗಡಿಯಿಂದ ತರುವ ಕ್ಯಾನಿನ ನೀರಿನಲ್ಲೇ, ಹೆಚ್ಚಾದರೆ ಹವಳಕ್ಕೆ ಆಗದ ನೈಟ್ರೇಟ್ 25 ಇದೆ. ಉಪ್ಪು ಬೆರೆಸುವುದಕ್ಕೆ ಮೊದಲು, ಟ್ಯಾಂಕಿನ ಹತ್ತಿರಕ್ಕೂ ಒಯ್ಯುವುದಕ್ಕೆ ಮೊದಲು, ಆಗತಾನೇ ಸೀಲ್ ಒಡೆದ ಕ್ಯಾನಿನಿಂದ ಸಿರಿಂಜಿನಲ್ಲಿ ಎಳೆದುಕೊಂಡ ನೀರಿನಲ್ಲಿ 25 ಪಿಪಿಎಂ, ಅಂದರೆ ಲೀಟರಿಗೆ 25 ಮಿಲಿಗ್ರಾಂ. ನೀರು ಪರೀಕ್ಷಿಸುವ ಕಿಟ್ ಕೆಟ್ಟಿರಬಹುದೆಂದು ಟ್ಯೂಬನ್ನು ತೊಳೆದು, ಮೆಡಿಕಲ್ ಶಾಪಿನಿಂದ ತಂದ ಇಂಜೆಕ್ಷನ್ ನೀರನ್ನು ಹಾಕಿ ಅದೇ ಪರೀಕ್ಷೆಯನ್ನು ಮಾಡಿದೆ, ಬಣ್ಣವೇ ಬರಲಿಲ್ಲ. ಮತ್ತೆ ಕ್ಯಾನಿನ ನೀರು ಹಾಕಿದೆ. ಮತ್ತೆ ಅದೇ ಗುಲಾಬಿ ಬಣ್ಣ. ಇಷ್ಟು ತಿಂಗಳು ಟ್ಯಾಂಕಿನಿಂದ ನೈಟ್ರೇಟ್ ತೆಗೆಯುತ್ತಿದ್ದೇನೆ ಎಂದುಕೊಂಡು ದುಡ್ಡು ಕೊಟ್ಟು, ಬೆನ್ನು ನೋಯಿಸಿಕೊಂಡು ಹೊತ್ತು ತಂದದ್ದು ನೈಟ್ರೇಟನ್ನೇ.

ನೀರಿನ ವಿಷಯ ಒಂದು ಕಡೆ ಇರಲಿ. ಹೋದ ಭಾನುವಾರ ಅದೇ ಅಂಗಡಿಯಲ್ಲಿ ನಡೆದದ್ದನ್ನು ಮನಸ್ಸಿನಿಂದ ತೆಗೆದುಹಾಕಲು ನನ್ನಿಂದ ಆಗುತ್ತಿಲ್ಲ. ಲೆದರ್ ಕೋರಲ್ ಎಂಬ ಮೆದು ಹವಳ ತನ್ನ ಪಾಲಿಪ್‌ಗಳನ್ನು (ಹೂವಿನಂಥ ಎಳೆಗಳನ್ನು) ಹೊರಚಾಚುತ್ತಿಲ್ಲ, ಝೋವಾ ಎಂಬ ಪುಟ್ಟ ಹವಳಗಳು ಮುಚ್ಚಿಕೊಂಡೇ ಇವೆ, ಬಂಡೆಗಳ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ, ಹೇರ್ ಆಲ್ಗೆ, ಹಬ್ಬಿದೆ, ಇದಕ್ಕೇನು ಮಾಡಬೇಕು ಎಂದು ಕೇಳುವುದಕ್ಕಾಗಿ ಬಾಟಲಿಯಲ್ಲಿ ಟ್ಯಾಂಕಿನ ನೀರು ಹಿಡಿದುಕೊಂಡು ಹೋಗಿದ್ದೆ. ಅಂಗಡಿಯವರು ಎಲ್ಲರೆದುರಿಗೇ ಪರೀಕ್ಷೆ ಮಾಡಿದರು. ಪೌಡರ್ ಹಾಕಿ, ಅಲುಗಾಡಿಸಿ, ಯಾರೊಂದಿಗೋ ಫೋನಿನಲ್ಲಿ ಮಾತನಾಡುತ್ತಲೇ ಟ್ಯೂಬನ್ನು ಎತ್ತಿ ಹವಳದ ಟ್ಯಾಂಕಿನ ದೀಪಕ್ಕೆ ಹಿಡಿದರು. ಅದು ನೀಲಿ ಎಲ್‌ಇಡಿ ದೀಪ. ಆ ಬೆಳಕಿನಲ್ಲಿ ತಿಳಿಗುಲಾಬಿಯೂ ಕಡುನೇರಳೆಯಾಗಿ ಕಾಣುತ್ತದೆ. ಟ್ಯೂಬನ್ನು ಬಿಳಿ ಕಾಗದದ ಮೇಲೆ ಇಟ್ಟು ಹಗಲಿನ ಬೆಳಕಿನಲ್ಲಿ ಚಾರ್ಟಿಗೆ ಹೋಲಿಸಬೇಕು ಎಂಬುದು ಈ ವ್ಯಾಪಾರದಲ್ಲಿರುವವರಿಗೆ ಯಾರಾದರೂ ಹೇಳಿಕೊಡಬೇಕಾದ ಮಾತೇ?

“ನೋಡಿ ಮೇಡಂ, ಎಂಬತ್ತು!” ಎಂದರು. ಇಡೀ ಅಂಗಡಿಗೆ ಕೇಳಿಸುವಂತೆ ಎಂದರು. ಹೊಸದಾಗಿ ಟ್ಯಾಂಕ್ ಮಾಡಿಸಲು ಒಬ್ಬ ತಂದೆ ಮತ್ತು ಮಗ ಬಂದಿದ್ದರು; ಆ ಹುಡುಗನ ಕೈಗೆ ನನ್ನ ನೀರಿನ ಟ್ಯೂಬನ್ನು ಕೊಟ್ಟು, “ನೋಡು ಪುಟ್ಟಾ, ನೀರು ಸರಿಯಾಗಿ ನೋಡ್ಕೊಳ್ಳದೇ ಇದ್ರೆ ಟ್ಯಾಂಕ್ ಹೋಗಿ ಯುಜಿಡಿ ಆಗುತ್ತೆ” ಎಂದರು. ಯುಜಿಡಿ, ಅಂದರೆ ಒಳಚರಂಡಿ! ಹುಡುಗ ಒಮ್ಮೆ ಟ್ಯೂಬನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಅವನ ತಂದೆ ನಕ್ಕರು. ಬಲೆ ಹಿಡಿದು ನಿಂತಿದ್ದ ಕೆಲಸದ ಹುಡುಗನೂ ನಕ್ಕ. “ಸರ್, ಒಂದು ನಿಮಿಷ ಬಾಗಿಲ ಹತ್ತಿರ ಬೆಳಕಿನಲ್ಲಿ ನೋಡೋಣವಾ?” ಎಂದು ಕೇಳಿದೆ. “ಬೆಳಕು ಬದಲಾದ್ರೆ ನೀರು ಬದಲಾಗುತ್ತಾ ಮೇಡಂ?” ಎಂದರು. ಮತ್ತೊಮ್ಮೆ ನಗು. ಆಮೇಲೆ, “ದಿನಕ್ಕೆ ಎಷ್ಟು ಸಲ ಫೀಡ್ ಹಾಕ್ತೀರಾ? ಲೇಡೀಸ್ ಎಲ್ಲಾ ಹೀಗೇ, ಮೀನಿಗೂ ತಿನ್ನಿಸ್ತಾನೇ ಇರ್ತೀರಾ. ನಿಮಗೆ ಮರೈನ್ ಬೇಡ, ಎರಡು ಗೋಲ್ಡ್ ಫಿಶ್ ಇಟ್ಕೊಳ್ಳಿ” ಎಂದರು.

ಇಷ್ಟೆಲ್ಲ ಅಂದ ಮೇಲೆ ನೈಟ್ರೇಟ್ ಇಳಿಸುವ ಒಂದು ಬಾಟಲಿಯನ್ನು ಬಿಲ್ಲಿಗೆ ಸೇರಿಸಿ, ಅದೇ ನೀರಿನ ಕ್ಯಾನುಗಳನ್ನು ಕಾರಿಗೆ ಇಡಿಸಿ, “ವಾರಕ್ಕೊಮ್ಮೆ ಇಪ್ಪತ್ತು ಪರ್ಸೆಂಟ್ ನೀರು ಬದಲಿಸಿ, ತಾನಾಗೇ ಇಳಿಯುತ್ತೆ” ಎಂದು ಉಪದೇಶವನ್ನೂ ಕೊಟ್ಟು ಕಳುಹಿಸಿದರು. ನಾನು ಅವರಿಗೆ ಥ್ಯಾಂಕ್ಸ್ ಹೇಳಿ ಬಂದೆ. ಎಂಬತ್ತಕ್ಕಿಂತ, ಯುಜಿಡಿಗಿಂತ, ಆ ಥ್ಯಾಂಕ್ಸ್ ಎಂಬ ಮಾತೇ ನನ್ನನ್ನು ಹೆಚ್ಚು ಸುಡುತ್ತಿದೆ. ಮನೆಗೆ ಬಂದು ಅದೇ ಬಾಟಲಿಯ ನೀರನ್ನು ಬಾಲ್ಕನಿಯ ಬೆಳಕಿನಲ್ಲಿ ಪರೀಕ್ಷಿಸಿದರೆ ಬಂದದ್ದು 40. ನಲವತ್ತು ಕೂಡ ಹೆಚ್ಚೇ. ಇಲ್ಲವೆಂದು ನಾನು ವಾದಿಸುವುದಿಲ್ಲ. ನನ್ನ ಟ್ಯಾಂಕಿನಂಥದ್ದಕ್ಕೆ 5ರಿಂದ 10ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಆದರೆ ಆ ನಲವತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲಿರಲಿಲ್ಲ, ಅವರ ಕ್ಯಾನಿನಲ್ಲಿತ್ತು.

ಹೆಚ್ಚು ತಿನ್ನಿಸುತ್ತೇನಂತೆ. 200 ಲೀಟರಿನ ಟ್ಯಾಂಕಿನಲ್ಲಿರುವುದು ಒಂದು ಜೋಡಿ ಕ್ಲೌನ್ ಫಿಶ್ ಮತ್ತು ಒಂದು ಗೋಬಿ. ಫ್ರೋಜನ್ ಮೈಸಿಸ್ (ಮೀನಿನ ಆಹಾರವಾದ ಪುಟ್ಟ ಸೀಗಡಿಯಂಥ ಜೀವಿ) ಹಾಕುವ ಮೊದಲು ಚಹಾ ಸೋಸುವ ಜಾಲರಿಯಲ್ಲಿಟ್ಟು ತೊಳೆದು, ಕರಗಿದ ರಸವನ್ನು ಚೆಲ್ಲಿಯೇ ಹಾಕುತ್ತೇನೆ. ತಿಂದುಳಿದ ಆಹಾರ ಮತ್ತು ಮೀನಿನ ಮಲ ಅಮೋನಿಯಾ ಆಗಿ, ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ ಎಂಬುದನ್ನೂ, ಬ್ಯಾಕ್ಟೀರಿಯಾ ನೆಲೆಸಿದ ಬಂಡೆಯಾದ ಲೈವ್ ರಾಕ್‌ನ ಒಳಪದರದಲ್ಲಿ ಆಮ್ಲಜನಕ ಸಿಗದ ಕಡೆ ಮಾತ್ರ ಆ ನೈಟ್ರೇಟ್ ಮತ್ತೆ ಸಾರಜನಕ ಅನಿಲವಾಗಿ ಹೊರಹೋಗುತ್ತದೆ ಎಂಬುದನ್ನೂ, ಅಷ್ಟು ಸಾಲದಿದ್ದರೆ ಬೇರೆ ದಾರಿಯಿಂದ ತೆಗೆಯಬೇಕು ಎಂಬುದನ್ನೂ ತಿಳಿದುಕೊಂಡೇ ಈ ಟ್ಯಾಂಕನ್ನು ಇಟ್ಟಿದ್ದೇನೆ. ಸಂಪ್‌ನಲ್ಲಿ, ಅಂದರೆ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ, ನೊರೆಯೆಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಹಗಲೂ ರಾತ್ರಿಯೂ ಓಡುತ್ತದೆ. ಪಕ್ಕದ ರೆಫ್ಯೂಜಿಯಂ ಎಂಬ ಪ್ರತ್ಯೇಕ ಖಾನೆಯಲ್ಲಿ ಕೀಟೋ ಪಾಚಿ ಬೆಳೆಸಿ, ಅದಕ್ಕೆ ರಾತ್ರಿಯ ಹೊತ್ತು ಬೆಳಕು ಕೊಟ್ಟು, ಬೆಳೆದಂತೆ ಕಿತ್ತು ಎಸೆಯುತ್ತೇನೆ. ಪಾಚಿ ಹೀರಿದ ನೈಟ್ರೇಟ್ ಪಾಚಿಯೊಂದಿಗೇ ಹೊರಹೋಗುತ್ತದೆ. ಕೊನೆಗೆ ಬಿಳಿ ವಿನೆಗರ್ ಡೋಸಿಂಗನ್ನೂ ಶುರುಮಾಡಿದೆ. ವಿನೆಗರ್‌ನಲ್ಲಿರುವ ಇಂಗಾಲವನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಹೆಚ್ಚುವಾಗ ನೈಟ್ರೇಟನ್ನೂ ಫಾಸ್ಫೇಟನ್ನೂ ಮೈಗೂಡಿಸಿಕೊಳ್ಳುತ್ತವೆ, ಆ ಬ್ಯಾಕ್ಟೀರಿಯಾವನ್ನು ಸ್ಕಿಮ್ಮರ್ ನೊರೆಯೊಂದಿಗೆ ಎತ್ತಿ ಹಾಕುತ್ತದೆ. ಡೋಸ್ ಒಮ್ಮೆಲೇ ಹೆಚ್ಚಿಸಿದರೆ ನೀರು ಹಾಲುಗಟ್ಟಿ ಆಮ್ಲಜನಕ ಕುಸಿದು ಮೀನು ಸಾಯುವ ಅಪಾಯವಿರುವುದರಿಂದ ಹನಿಹನಿಯಾಗಿಯೇ ಏರಿಸಿದೆ. ಸ್ಕಿಮ್ಮರ್ ಕಪ್ಪಿನಲ್ಲಿ ಕಪ್ಪನೆಯ, ಮೂಗು ಮುಚ್ಚಿಕೊಳ್ಳಬೇಕಾದಂಥ ರಾಡಿ ತುಂಬುತ್ತಿತ್ತು, ಅಂದರೆ ಕೆಲಸ ನಡೆಯುತ್ತಲೇ ಇತ್ತು. ನೈಟ್ರೇಟ್ ಮಾತ್ರ ಜಗ್ಗಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ನನ್ನ ಶ್ರಮ, ಏಕೆಂದರೆ ಇತ್ತ ಕಡೆಯಿಂದ ತೆಗೆದಷ್ಟನ್ನೂ ಅತ್ತ ಕಡೆಯಿಂದ ನಾನೇ ಸುರಿಯುತ್ತಿದ್ದೆ, ಅವರು ತುಂಬಿಸಿಕೊಟ್ಟ ನೀರಿನಿಂದ.

ಲೆಕ್ಕ ಹಾಕಿ ನೋಡಿ. ನೈಟ್ರೇಟ್ 40 ಇರುವ ಟ್ಯಾಂಕಿನಲ್ಲಿ ಐದನೇ ಒಂದು ಭಾಗದ ನೀರನ್ನು ತೆಗೆದು ಶುದ್ಧವಾದ ನೀರನ್ನು ಹಾಕಿದರೆ ಅದು 32ಕ್ಕೆ ಇಳಿಯಬೇಕು. ಹಾಕುವ ನೀರಿನಲ್ಲೇ 25 ಇದ್ದರೆ ಇಳಿಯುವುದು 37ಕ್ಕೆ. ಆ ಮೂರು ಪಿಪಿಎಂ ಮುಂದಿನ ಬದಲಾವಣೆಯ ಹೊತ್ತಿಗೆ ಮತ್ತೆ ಸೇರಿಕೊಳ್ಳುತ್ತದೆ. ಅಂಥ ನೀರಿನಿಂದ ಎಷ್ಟೇ ಸಲ ಬದಲಿಸಿದರೂ ಟ್ಯಾಂಕು 25ಕ್ಕಿಂತ ಕೆಳಗೆ ಬರುವುದು ಸಾಧ್ಯವೇ ಇಲ್ಲ. ಇದಕ್ಕಿಂತ ಕೆಟ್ಟದ್ದು ಟಾಪ್-ಅಪ್. ಫ್ಯಾನ್ ಹಾಕಿದ ಟ್ಯಾಂಕಿನಿಂದ ದಿನಕ್ಕೆ ಎರಡು ಲೀಟರ್ ನೀರು ಆವಿಯಾಗುತ್ತದೆ ಎಂದುಕೊಳ್ಳಿ. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ಅಲ್ಲಿಯೇ ಉಳಿಯುತ್ತದೆ. ಆ ಎರಡು ಲೀಟರಿಗೆ ಬದಲಾಗಿ ಕ್ಯಾನಿನ ನೀರು ಸುರಿದರೆ ದಿನಕ್ಕೆ 50 ಮಿಲಿಗ್ರಾಂ ನೈಟ್ರೇಟ್ ಒಳಸೇರಿತು. ನನ್ನ ಟ್ಯಾಂಕಿನ ಲೆಕ್ಕದಲ್ಲಿ ಅದು ತಿಂಗಳಿಗೆ 7.5 ಪಿಪಿಎಂ. ಮೀನಿಗೆ ಒಂದು ಅಗುಳೂ ಹಾಕದೆ ಉಪವಾಸ ಕೆಡವಿದರೂ ಇಷ್ಟು ಏರುತ್ತಲೇ ಇರುತ್ತದೆ. ಈಗ ಹೇಳಿ, ಹೆಚ್ಚು ತಿನ್ನಿಸಿದವರು ಯಾರು?

ಕ್ಯಾನಿನ ಮೇಲೆ ಅವರೇ ಅಂಟಿಸಿದ ಚೀಟಿಯಲ್ಲಿ ‘ಆರ್‌ಓ-ಡಿಐ, ಟಿಡಿಎಸ್ 0’ ಎಂದು ಬರೆದಿದೆ, ಅಂದರೆ ಆರ್‌ಓ ಪೊರೆಯಲ್ಲಿ ಸೋಸಿ, ಡಿಐ ಎಂಬ ರೆಸಿನ್ ಫಿಲ್ಟರಿನಲ್ಲೂ ಹಾಯಿಸಿದ, ಕರಗಿದ ಲವಣವೇ ಉಳಿಯದ ನೀರು. ಟಿಡಿಎಸ್ ಮೀಟರ್ ಅದ್ದಿದರೆ ಮೂರಂಕಿ ತೋರಿಸುತ್ತಿದೆ. ಪ್ರತಿ ಕ್ಯಾನನ್ನೂ ನಾನೇ ಪರೀಕ್ಷಿಸಿಕೊಳ್ಳಬೇಕಿತ್ತು ಎನ್ನುವವರಿಗೆ ಒಂದು ಮಾತು: ಬೇಳೆ ಕೊಳ್ಳುವಾಗ ತೂಕ ಮಾಡುವುದು ಅಂಗಡಿಯವನ ಕೆಲಸ, ನಾವು ಮನೆಯಿಂದ ತಕ್ಕಡಿ ಹೊತ್ತುಕೊಂಡು ಹೋಗುವುದಿಲ್ಲ. ಒಂದೋ ಅವರ ಡಿಐ ಕಾರ್ಟ್ರಿಜ್‌ನ ರೆಸಿನ್ ಸತ್ತು ಎಷ್ಟೋ ಕಾಲವಾಗಿರಬೇಕು, ಇಲ್ಲವೇ ಕುಡಿಯುವ ನೀರಿನ ಯಂತ್ರಗಳಲ್ಲಿರುವಂತೆ ರುಚಿಗಾಗಿ ಕಚ್ಚಾ ನೀರನ್ನು ಬೆರೆಸುವ ಟಿಡಿಎಸ್ ಕಂಟ್ರೋಲರ್ ತೆರೆದೇ ಇರಬೇಕು. ಕ್ಯಾಲ್ಸಿಯಂನಂಥವನ್ನು ತಡೆದಷ್ಟು ಚೆನ್ನಾಗಿ ಆರ್‌ಓ ಪೊರೆ ನೈಟ್ರೇಟನ್ನು ತಡೆಯುವುದಿಲ್ಲ. ನುಸುಳಿದ್ದನ್ನು ಹಿಡಿಯುವುದಕ್ಕೆಂದೇ ಅದಾದ ಮೇಲೆ ಡಿಐ ಇರುವುದು. ಅದು ಗೊತ್ತಿಲ್ಲದೆ ಅವರು ಅಂಗಡಿ ಇಟ್ಟಿಲ್ಲ.

ಫೋನ್ ಮಾಡಿ ಕೇಳಿದೆ. “ಎಲ್ಲರೂ ಅದೇ ನೀರು ಒಯ್ತಾರೆ ಮೇಡಂ, ಯಾರೂ ಕಂಪ್ಲೇಂಟ್ ಮಾಡಿಲ್ಲ. ಕುಡಿಯೋ ನೀರು ಅದು, ಬೇಕಾದ್ರೆ ನಾನೇ ಕುಡಿದು ತೋರಿಸ್ತೀನಿ” ಎಂದು ಇಟ್ಟುಬಿಟ್ಟರು. ಕುಡಿಯಲಿ, ಅವರಿಗೆ ಏನೂ ಆಗುವುದಿಲ್ಲ. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕ 10500 ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟನ್ನು ಒಪ್ಪುತ್ತದೆ. ಹವಳದ ದಿಬ್ಬಗಳಿರುವ ಸಮುದ್ರದ ನೀರಿನಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಮನುಷ್ಯನಿಗೆ ಸರಿಹೋಗುವ ನೀರು ಹವಳಕ್ಕೆ ಸರಿಹೋಗುವುದಿಲ್ಲವೆಂದೇ ನಾನು ಕುಡಿಯುವ ನೀರಿನ ಕ್ಯಾನ್ ಬಿಟ್ಟು ಅದಕ್ಕಿಂತ ಹೆಚ್ಚು ಬೆಲೆ ಕೊಟ್ಟು ಅವರ ಕ್ಯಾನ್ ತರುತ್ತಿದ್ದದ್ದು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇರುವುದು ಹೊಸ ಸಂಗತಿಯೂ ಅಲ್ಲ. ಒಡೆದ ಒಳಚರಂಡಿಯಿಂದ, ಪಿಟ್‌ಗಳಿಂದ ಇಳಿದ ಕೊಳಕು ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಮಳೆಯೊಂದಿಗೆ ಅಂತರ್ಜಲಕ್ಕೆ ಇಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ಕಾರ್ಬನ್ ಫಿಲ್ಟರಿಗೆ ಸಿಗುವುದಿಲ್ಲ. ನನ್ನ ಟ್ಯಾಂಕನ್ನು ಯುಜಿಡಿ ಎಂದರಲ್ಲ, ಯುಜಿಡಿಯ ಪಾಲು ಯಾರ ಮನೆಯ ನೀರಿನಲ್ಲಿತ್ತು?

ಹೋಗಲಿ ಬಿಡು, ಎಂದುಕೊಳ್ಳುತ್ತೇನೆ. ಏನು ಮಾಡಲು ಸಾಧ್ಯ? ಒಂದು ಕ್ಯಾನ್ ನೀರಿಗಾಗಿ ಗ್ರಾಹಕರ ಆಯೋಗಕ್ಕೆ ಅಲೆಯುವಷ್ಟು ಬಿಡುವು ಯಾರಿಗಿದೆ? ನಮ್ಮ ಕಡೆ ಫ್ರೋಜನ್ ಫೀಡ್ ಸಿಗುವುದು ಅವರಲ್ಲಿ, ಒಳ್ಳೆಯ ಸಾಲ್ಟ್ ಸಿಗುವುದು ಅವರಲ್ಲಿ, ಪಂಪ್ ಕೆಟ್ಟರೆ ಬಿಡಿಭಾಗ ಸಿಗುವುದೂ ಅವರಲ್ಲಿಯೇ. ಜಗಳವಾಡಿದರೆ ಊರಿನ ಇನ್ನೊಂದು ತುದಿಯವರೆಗೆ ಟ್ರಾಫಿಕ್‌ನಲ್ಲಿ ಹೋಗಿ ಬರಬೇಕು. ಮನೆಯಲ್ಲೇ ಆರ್‌ಓ-ಡಿಐ ಹಾಕಿಸಿಕೊಳ್ಳಿ ಎನ್ನುವುದು ಸುಲಭ. ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ವೇಸ್ಟ್ ನೀರು ಹೋಗುತ್ತದೆ. ನಮ್ಮದು ಟ್ಯಾಂಕರ್ ನಂಬಿದ ಅಪಾರ್ಟ್‌ಮೆಂಟ್. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂಬ ಆದೇಶ ಈ ಊರಿನಲ್ಲಿ ಹೊರಟಿತ್ತು. ಅಂಥ ಕಡೆ ಮೀನಿನ ಟ್ಯಾಂಕಿಗಾಗಿ ಬಕೆಟ್‌ಗಟ್ಟಲೆ ನೀರು ಮೋರಿಗೆ ಬಿಡುವುದಕ್ಕೆ ನನಗೂ ಮನಸ್ಸು ಒಪ್ಪುವುದಿಲ್ಲ. ಆ ಸಂಕೋಚದಿಂದಲೇ ನಾನು ಕ್ಯಾನಿಗೆ ದುಡ್ಡು ಕೊಟ್ಟದ್ದು. ಈಗ ಬೇರೆ ದಾರಿಯಿಲ್ಲದೆ ಯಂತ್ರವನ್ನು ಹಾಕಿಸಿಕೊಳ್ಳುತ್ತೇನೆ, ವೇಸ್ಟ್ ನೀರನ್ನು ನೆಲ ಒರೆಸಲು, ಫ್ಲಶ್ ಮಾಡಲು ಬಳಸುತ್ತೇನೆ. ಸಹಿಸಿಕೊಂಡು ಸುಮ್ಮನಿದ್ದರೆ ಆಯಿತು.

ಸುಮ್ಮನಿರಲು ಆಗುತ್ತಿಲ್ಲ. ಏಕೆ ಸುಮ್ಮನಿರಬೇಕು? ಶುದ್ಧವಾದ ನೀರು ನಾಳೆಯೇ ಸಿಕ್ಕರೂ ನನ್ನ ಟ್ಯಾಂಕು ನಾಳೆಯೇ ಸರಿಹೋಗುವುದಿಲ್ಲ. ಇಷ್ಟು ಕಾಲ 40ಕ್ಕೆ ಒಗ್ಗಿಕೊಂಡ ಹವಳವನ್ನು ಒಂದೇ ಏಟಿಗೆ ಕೆಳಗಿಳಿಸಿದರೆ ಅದಕ್ಕೂ ಪೆಟ್ಟು. ಸೊನ್ನೆಗೆ ಇಳಿಸಿಬಿಟ್ಟರೆ ಕಂದು ಲೋಳೆಯಂತೆ ಹಬ್ಬುವ ಡೈನೋಫ್ಲಾಜೆಲೇಟ್‌ಗಳ ಕಾಟ ಬೇರೆ. ವಾರವಾರ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಫಾಸ್ಫೇಟ್ ಪೂರ್ತಿ ಬರಿದಾಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಅದು ಮುಗಿದರೆ ವಿನೆಗರ್ ಎಷ್ಟು ಹಾಕಿದರೂ ಬ್ಯಾಕ್ಟೀರಿಯಾ ನೈಟ್ರೇಟನ್ನು ಮುಟ್ಟುವುದಿಲ್ಲ. ಈ ಇಡೀ ಕಾಲ ಲೆದರ್ ಕೋರಲ್ ಮೇಣದಂಥ ಪೊರೆ ಹೊದ್ದು ಕುಗ್ಗಿಕೊಂಡೇ ಕೂತಿರುತ್ತದೆ, ನಾನು ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುತ್ತಲೇ ಇರುತ್ತೇನೆ. ಅದರ ಹೊಣೆ ಯಾರದು? ಆ ಹುಡುಗನ ಎದುರು ನನ್ನ ನೀರನ್ನು ಎತ್ತಿ ತೋರಿಸಿದ ಕೈ, ಅದೇ ಅಂಗಡಿಯ ನಲ್ಲಿಯ ನೀರನ್ನು ಒಮ್ಮೆಯಾದರೂ ಆ ಟ್ಯೂಬಿಗೆ ಹಾಕಿ ನೋಡಬಾರದಿತ್ತೇ? ಆ ತಂದೆ ಮಗ ಅದೇ ನೀರನ್ನು ಒಯ್ದು ಹೊಸ ಟ್ಯಾಂಕ್ ತುಂಬಿಸಿರುತ್ತಾರೆ. ಅವರಿಗೂ ಕೆಲವು ತಿಂಗಳ ನಂತರ ಗೋಲ್ಡ್ ಫಿಶ್ ಇಟ್ಟುಕೊಳ್ಳಿ ಎನ್ನುತ್ತಾರೆಯೇ?

ಯಾರಾದರೂ ಉತ್ತರ ಕೊಡಿ. ಅಂಗಡಿಯವರಂತೂ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಕ್ಯಾನ್ ನೀರಿನಿಂದ ಮರೈನ್ ಟ್ಯಾಂಕ್ ನಡೆಸುತ್ತಿರುವವರು ಉಪ್ಪು ಹಾಕುವ ಮೊದಲೇ ಆ ನೀರಿನ ನೈಟ್ರೇಟ್ ನೋಡಿ, ಬಂದ ಸಂಖ್ಯೆಯನ್ನು ಇಲ್ಲಿ ಬರೆಯಿರಿ. ಅಂಗಡಿಯ ಹೆಸರು ಬೇಡ, ಬಡಾವಣೆಯ ಹೆಸರು ಸಾಕು. ನಿಮ್ಮ ಕಿಟ್ ನೈಟ್ರೇಟ್ ತೋರಿಸುತ್ತದೆಯೋ ನೈಟ್ರೇಟ್-ನೈಟ್ರೋಜನ್ (ನೈಟ್ರೇಟಿನಲ್ಲಿರುವ ಸಾರಜನಕವನ್ನಷ್ಟೇ) ತೋರಿಸುತ್ತದೆಯೋ ಎಂಬುದನ್ನೂ ತಿಳಿಸಿ, ಎರಡನೆಯದಾದರೆ 4.43ರಿಂದ ಗುಣಿಸಿ ಬರೆಯಿರಿ. ಟ್ಯೂಬನ್ನು ದಯವಿಟ್ಟು ಹಗಲಿನ ಬೆಳಕಿನಲ್ಲೇ ನೋಡಿ.