ಎರಡು ಮನೆಯಿಂದ ಒಂದು ಮನೆಗೆ ಇಳಿದ ಬಾಖ್

ಜರ್ಮನ್ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಎರಡು ಪಿಟೀಲುಗಳಿಗಾಗಿ ಬರೆದ ಡಿ ಮೈನರ್ ಕಾನ್ಸರ್ಟೊ, ಅಂದರೆ ಮುಖ್ಯ ವಾದ್ಯಗಳೂ ವಾದ್ಯವೃಂದವೂ ಸೇರಿ ನುಡಿಸುವ ಕೃತಿ, ಲೋಕಪ್ರಸಿದ್ಧ. ಅದನ್ನೇ ಅವನು 1736ರಲ್ಲಿ ಎರಡು ಹಾರ್ಪ್ಸಿಕಾರ್ಡ್‌ಗಳಿಗೆ, ಅಂದರೆ ಪಿಯಾನೋಗೂ ಹಿಂದಿನ, ತಂತಿ ಮೀಟುವ ಕೀಲಿಮಣೆ ವಾದ್ಯಗಳಿಗೆ, ಹೊಂದಿಸಿ ಮತ್ತೆ ಬರೆದ. ಅವನ ಕೃತಿಗಳ ಪಟ್ಟಿಯಲ್ಲಿ ಮೊದಲನೆಯದು 1043, ಎರಡನೆಯದು 1062. ನಾನು ನೆಲೆಸಿರುವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಗೆಳೆಯರೊಡನೆ 1062ರ ಮಾತು ತೆಗೆದರೆ ಸಾಮಾನ್ಯವಾಗಿ ಬರುವ ಉತ್ತರ, "ಪಿಟೀಲಿನ ಕರುಣೆ ಇದರಲ್ಲಿಲ್ಲ" ಎಂಬುದು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮೈಸೂರಿನ ಕಚೇರಿಗಳನ್ನು ಕೇಳಿ ಬೆಳೆದವನಿಗೆ ಈ ಕೃತಿ ಬೇರೆ ಬಾಗಿಲಿನಿಂದ ತೆರೆದುಕೊಳ್ಳುತ್ತದೆ.

ಹೊಸ ರೂಪದಲ್ಲಿ ಕೃತಿ ಸಿ ಮೈನರ್‌ಗೆ ಇಳಿದಿದೆ. ಡಿ, ಸಿ ಎಂಬುವು ಷಡ್ಜ ನಿಲ್ಲುವ ಸ್ವರದ ಹೆಸರು; ಮೈನರ್, ಮೇಜರ್ ಎಂಬುವು ಸ್ವರಶ್ರೇಣಿಯ ಬಗೆ. ಶ್ರುತಿಯನ್ನು ಹಾರ್ಮೋನಿಯಂನ ಮನೆಗಳಲ್ಲಿ ಎಣಿಸುವ ನಮ್ಮ ಲೆಕ್ಕದಲ್ಲಿ ಇದು ಎರಡು ಮನೆಯಿಂದ ಒಂದು ಮನೆಗೆ. ಪಿಟೀಲಿನ ಭಾಗ ಮೇಲಿನ ಇ ಸ್ವರದವರೆಗೆ ಹತ್ತುತ್ತದೆ. ಬಾಖ್ ತನ್ನ ಹಾರ್ಪ್ಸಿಕಾರ್ಡ್ ಕಾನ್ಸರ್ಟೊಗಳಲ್ಲಿ ಸಾಮಾನ್ಯವಾಗಿ ಡಿ ಸ್ವರವನ್ನು ದಾಟುವುದಿಲ್ಲ. ಕೃತಿಯನ್ನು ಇಳಿಸಿದಾಗ ಆ ಇ, ಡಿ ಆಗುತ್ತದೆ. ಎ ಮೈನರ್ ಪಿಟೀಲು ಕಾನ್ಸರ್ಟೊ ಜಿ ಮೈನರ್ ಆದದ್ದೂ, ಇ ಮೇಜರ್‌ನದು ಡಿ ಮೇಜರ್ ಆದದ್ದೂ ಹೀಗೆಯೇ. ಗಾಯಕನಿಗೆ ಒಂದು ಮನೆ, ಗಾಯಕಿಗೆ ಐದು ಮನೆ ಎಂದು ತಂಬೂರಿ ಸೇರಿಸುವ ನಮಗೆ ಇದರಲ್ಲಿ ಆಶ್ಚರ್ಯವೇನಿದೆ? ಶ್ರುತಿ ಇಳಿದ ಮಾತ್ರಕ್ಕೆ ಮುಖಾರಿ ರಾಗದ ಶೋಕ ಕಡಿಮೆಯಾಗುವುದಿಲ್ಲ.

ಇಲ್ಲಿನವರ ದಾರಿ ಬೇರೆ. ಡಿ ಮೈನರ್, ಎಫ್ ಮೇಜರ್‌ನಂಥ ಒಂದೊಂದು ಕೀಗೂ ಒಂದೊಂದು ಭಾವವನ್ನು ಗಂಟು ಹಾಕುವ ಪದ್ಧತಿ ಬಾಖ್‌ನ ಬರೋಕ್ ಕಾಲದಲ್ಲೇ ಇತ್ತು. 1713ರಲ್ಲಿ ಹ್ಯಾಂಬರ್ಗ್‌ನ ಸಂಗೀತಕಾರ ಮಾಥೆಸನ್ ಅಂಥದೊಂದು ಪಟ್ಟಿ ಕೊಟ್ಟ. ಅವನಿಗೂ ಮೊದಲು ಫ್ರಾನ್ಸ್‌ನ ಸಂಗೀತಕಾರ ಶಾರ್ಪಾಂಟಿಯೇ ಇನ್ನೊಂದನ್ನು ಕೊಟ್ಟಿದ್ದ. ನಮ್ಮ ಕಾನ್ಸರ್ಟೊದ ನಿಧಾನಗತಿಯ ನಡುಭಾಗ ಮೂಲದಲ್ಲಿರುವುದು ಎಫ್ ಮೇಜರ್‌ನಲ್ಲಿ. ಅದು ಶಾರ್ಪಾಂಟಿಯೇಗೆ ಉಗ್ರಕೋಪದ ಕೀ, ಮಾಥೆಸನ್‌ಗೆ ಲೋಕದ ಅತ್ಯಂತ ಸುಂದರ ಭಾವಗಳನ್ನು ಹೇಳಬಲ್ಲ ಕೀ. ಇಂಥ ಪಟ್ಟಿಗಳನ್ನು ನಂಬಿ ರಸನಿರ್ಣಯ ಮಾಡುವುದು ಸರಿಯಲ್ಲ. ಮೇಲಾಗಿ, ಹಳೆಯ ವಾದ್ಯಗಳ ಬಹುಪಾಲು ಧ್ವನಿಮುದ್ರಣಗಳಲ್ಲಿ ಎ ಸ್ವರ 415 ಹರ್ಟ್ಸ್‌ಗೆ ನಿಂತಿರುತ್ತದೆ. ಇಂದಿನ 440ಕ್ಕೆ ಹೋಲಿಸಿದರೆ ಅದು ಅರ್ಧ ಸ್ವರ ಕೆಳಗೆ. ಕಾಗದದ ಮೇಲಿನ ಸಿ ಮೈನರ್ ಇಂದಿನ ಪಿಯಾನೋದ ಬಿ ಮೈನರ್ ಆಗಿ ಕೇಳುತ್ತದೆ.

ಹಾಗೆಂದು ನಮ್ಮ ಲೆಕ್ಕವೂ ಇಲ್ಲಿ ಪೂರ್ತಿ ಸಾಲದು. ಷಡ್ಜ ಎಲ್ಲಿಗೆ ಹೋದರೂ ಗಾಯಕನ ಗಾಂಧಾರ, ಪಂಚಮಗಳು ಅದೇ ಅಂತರದಲ್ಲಿ ಹಿಂಬಾಲಿಸುತ್ತವೆ. ಹಾರ್ಪ್ಸಿಕಾರ್ಡ್‌ನ ತಂತಿಗಳು ಒಮ್ಮೆ ಶ್ರುತಿಗೊಂಡರೆ ಅಲ್ಲೇ ನಿಲ್ಲುತ್ತವೆ, ಮತ್ತು ಹದಿನೆಂಟನೆಯ ಶತಮಾನದ ಶ್ರುತಿಕ್ರಮಗಳಲ್ಲಿ ಎಲ್ಲ ಅಂತರಗಳೂ ಸಮನಾಗಿರಲಿಲ್ಲ. ಇಟಲಿಯ ಸಂಗೀತಕಾರ ವಲ್ಲೊಟ್ಟಿಯ ಹೆಸರಿನ ಶ್ರುತಿಕ್ರಮದಲ್ಲಿ ಎಫ್ ಮೇಜರ್‌ನ ಗಾಂಧಾರ ಶುದ್ಧಕ್ಕೆ ಹತ್ತಿರ. 1062ರ ನಡುಭಾಗ ಬಂದು ನಿಂತ ಇ ಫ್ಲ್ಯಾಟ್ ಮೇಜರ್‌ನಲ್ಲಿ ಅದು ಸ್ವಲ್ಪ ಮೇಲಕ್ಕೆ ಸರಿದಿರುತ್ತದೆ. ಅದೇ ರಾಗಧಾರೆಗೆ ಎಳೆ ನೆಲ್ಲಿಕಾಯಿಯ ಒಗರು ಬರುತ್ತದೆ. ಕೀ ಬದಲಾದಾಗ ಭಾವ ಬದಲಾಗುವುದು ಅದರ ಹೆಸರಿನಿಂದಲ್ಲ, ಈ ಅಸಮಾನತೆಯಿಂದ. ಧ್ವನಿಮುದ್ರಣದಲ್ಲಿ ಎರಡೂ ಹಾರ್ಪ್ಸಿಕಾರ್ಡ್‌ಗಳನ್ನು ಎಲ್ಲ ಅಂತರಗಳೂ ಸಮನಾಗಿರುವ ಇಂದಿನ ಶ್ರುತಿಕ್ರಮಕ್ಕೆ ಕೂರಿಸಿಬಿಟ್ಟರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಇನ್ನು ಕಾಲಪ್ರಮಾಣ. ಪಿಟೀಲಿನ ನಡುಭಾಗಕ್ಕೆ 'ಲಾರ್ಗೊ ಮಾ ನಾನ್ ತಾಂತೊ', ಅಂದರೆ ವಿಳಂಬ, ಆದರೆ ಅತಿಯಾಗಿ ಬೇಡ, ಎಂಬ ಸೂಚನೆ ಇದೆ. ಹಾರ್ಪ್ಸಿಕಾರ್ಡ್‌ನಲ್ಲಿ ಅದು 'ಆಂಡಾಂಟೆ', ಅಂದರೆ ನಡಿಗೆಯ ವೇಗ, ಆಗಿದೆ. ವಾದ್ಯವೇ ಇದನ್ನು ಕೇಳಿಕೊಂಡಿದೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ಕೀಲಿಮಣೆಯ ಮನೆಯನ್ನು ಒತ್ತಿದೊಡನೆ ಒಂದು ಚಿಕ್ಕ ಕಡ್ಡಿ ತಂತಿಯನ್ನು ಮೀಟುತ್ತದೆ, ಆ ಕ್ಷಣದಿಂದಲೇ ನಾದ ಕರಗತೊಡಗುತ್ತದೆ. ವೈಣಿಕ ತಂತಿ ಎಳೆದು ಒಂದೇ ಮೀಟಿನಲ್ಲಿ ನಾಲ್ಕಾರು ಸ್ವರಗಳನ್ನು ತೋರಿಸಬಲ್ಲ. ಹಾರ್ಪ್ಸಿಕಾರ್ಡ್ ವಾದಕನಿಗೆ ಆ ಭಾಗ್ಯವಿಲ್ಲ. ಸ್ವರವನ್ನು ಕಂಪಿಸಬೇಕು, ಸ್ವರಗುಚ್ಛವನ್ನು ಬಿಡಿಸಿ ನುಡಿಸಬೇಕು, ಬೆರಳನ್ನು ತಡವಾಗಿ ಎತ್ತಬೇಕು. ಈ ಭಾಗದ ಎಳೆ ಶುರುವಾಗುವುದೇ ದೀರ್ಘ ಸ್ವರದಿಂದ. ಪಿಟೀಲು ಅದನ್ನು ತುಂಬಿ ಹಿಡಿಯುತ್ತದೆ, ಹಾಗಾಗಿ ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ಹಾರ್ಪ್ಸಿಕಾರ್ಡ್‌ನಲ್ಲಿ ಒಂದರ ಸ್ವರ ಕ್ಷೀಣಿಸುತ್ತಿರುವಾಗ ಇನ್ನೊಂದರ ಮಾತು ಹೊರಗೆ ಕಾಣುತ್ತದೆ. ಗೆಳೆಯರು ಇಲ್ಲವೆನ್ನುವ ಕರುಣೆ ನನಗೆ ಕೇಳಿಸುವುದು ಇಲ್ಲಿಯೇ. ತೀರಾ ನಿಧಾನಿಸಿದರೆ ಎಳೆ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ.

ತಂದೆ ಮಗ ಮಸಾಕಿ ಸುಜುಕಿ ಮತ್ತು ಮಸಾಟೊ ಸುಜುಕಿ, ದಂಪತಿ ಟಾನ್ ಕೂಪ್‌ಮನ್ ಮತ್ತು ಟೀನಿ ಮಾಟೊಟ್ ಇದನ್ನು ಧ್ವನಿಮುದ್ರಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು, ಎಡದ ವಾದ್ಯ ಯಾವುದು, ಬಲದ್ದು ಯಾವುದು ಎಂದು ಬೇರ್ಪಡಿಸಿಕೊಂಡು ಕೇಳುವುದು ಒಳ್ಳೆಯದು. ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಈ ಸಂವಾದ ಕಲಸಿಹೋಗುತ್ತದೆ. ಬಾಖ್ 1729ರಿಂದ ನಡೆಸಿದ ಕಾಲೇಜಿಯಂ ಮ್ಯೂಸಿಕಮ್ ಎಂಬ ಸಂಗೀತ ತಂಡ ಲೈಪ್‌ಜಿಗ್‌ನಲ್ಲಿ ನುಡಿಸುತ್ತಿದ್ದದ್ದೂ ಅಂಥ ಸಭಾಂಗಣದಲ್ಲಲ್ಲ, ಕಥರೀನನ್ ಬೀದಿಯ ಸಿಮ್ಮರ್‌ಮನ್ ಕಾಫಿ ಮನೆಯಲ್ಲಿ.

ಕೊನೆಯ ಭಾಗದ ಬಗ್ಗೆ ಗೆಳೆಯರಿಗೂ ನನಗೂ ಇನ್ನೂ ಜಗಳ. ಅವರಿಗೆ ಅದು ಮಿಂಚಿನಂತೆ ಓಡಬೇಕು. ಬಾಖ್ ಕೂಡ ಮೂಲದ 'ಅಲ್ಲೆಗ್ರೊ'ವನ್ನು (ಚುರುಕು) 'ಅಲ್ಲೆಗ್ರೊ ಅಸ್ಸಾಯ್' (ಬಹಳ ಚುರುಕು) ಮಾಡಿ ವೇಗವನ್ನೇ ಕೇಳಿದ್ದಾನೆ, ಅಷ್ಟರಮಟ್ಟಿಗೆ ಅವರ ಮಾತು ಸರಿ. ಆದರೆ ಅಲ್ಲಿ ಎರಡನೆಯ ಧ್ವನಿ ಮೊದಲನೆಯದನ್ನು ತಾಳದ ಒಂದೇ ಒಂದು ಪೆಟ್ಟಿನ ಅಂತರದಲ್ಲಿ ಅನುಸರಿಸುತ್ತದೆ. ಆ ಒಂದು ಪೆಟ್ಟು ಕಿವಿಗೆ ಸಿಗದಷ್ಟು ಓಡಿದರೆ ಎರಡು ಹಾರ್ಪ್ಸಿಕಾರ್ಡ್‌ಗಳನ್ನು ವೇದಿಕೆಗೆ ತಂದು ಏನು ಪ್ರಯೋಜನ?