ಟೆಂಟ್ ಆಸ್ಪತ್ರೆಗೆ ನೀರು ಯಾರು ತರ್ತಾರೆ?

ಎಲ್ಲಾದರೂ ಭೂಕಂಪ ಆದರೆ ಟಿವಿಯಲ್ಲಿ ಟೆಂಟ್ ಆಸ್ಪತ್ರೆ ತೋರಿಸುತ್ತಾರೆ. ಹಸಿರು ಗೌನ್ ಹಾಕಿದ ಡಾಕ್ಟರು, ನೇತುಹಾಕಿದ ಸಲೈನ್ ಬಾಟಲಿ. ನನ್ನ ಕಣ್ಣು ಮಾತ್ರ ನೀರಿನ ಟ್ಯಾಂಕ್ ಎಲ್ಲಿದೆ ಅಂತ ಹುಡುಕುತ್ತದೆ. ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟ ತೊಳೆದು, ಹಬೆಯಲ್ಲಿ ಕ್ರಿಮಿ ಸಾಯಿಸುವ ಆಟೋಕ್ಲೇವ್ ಯಂತ್ರಕ್ಕೆ ಹಾಕುತ್ತಾ ಹದಿನೈದು ವರ್ಷ ಕಳೆದವನಿಗೆ ಇನ್ನೇನು ಕಂಡೀತು?

2001ರ ಜನವರಿ 26, ಬೆಳಿಗ್ಗೆ 8.46. ಗುಜರಾತಿನ ಭುಜ್‌ನಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆಯೇ ಕುಸಿದು ಬಿತ್ತು. ಗಾಯ ಆದವರು ಎಲ್ಲಿಗೆ ಓಡಿ ಬರಬೇಕೋ ಆ ಜಾಗವೇ ಇಲ್ಲ! ಊರಿನ ಡಾಕ್ಟರುಗಳು, ಸೇನೆಯವರು ಬಯಲಲ್ಲೇ ಚಿಕಿತ್ಸೆ ಶುರು ಮಾಡಿದರು. ಆಮೇಲೆ ರೆಡ್ ಕ್ರಾಸ್ ನೂರಾರು ಹಾಸಿಗೆಯ ಟೆಂಟ್ ಆಸ್ಪತ್ರೆ ಹಾಕಿತು. ನೆಲ ಮತ್ತೆ ಮತ್ತೆ ನಡುಗುವಾಗ ತಲೆ ಮೇಲೆ ಕಾಂಕ್ರೀಟ್ ಇರೋದಕ್ಕಿಂತ ಬಟ್ಟೆ ಇರೋದೇ ವಾಸಿ, ಅಲ್ವಾ?

ಆದರೆ ಆ ಬಟ್ಟೆಯ ಕೆಳಗೆ ಆಪರೇಷನ್ ಸಾಮಾನಿನ ಒಂದು ಟ್ರೇ ತಯಾರಾಗುವ ಕಷ್ಟ ಕೇಳಿ. ಮೊದಲು ರಕ್ತ ಹೋಗುವಂತೆ ಉಜ್ಜಿ ತೊಳೆಯಬೇಕು. ಬಟ್ಟೆ ಸುತ್ತಿ, ಟೇಪ್ ಅಂಟಿಸಿ, 121 ಡಿಗ್ರಿ ಹಬೆಯಲ್ಲಿ ಅರ್ಧ ಗಂಟೆ ಇಡಬೇಕು. ಹಬೆ ತಗುಲಿದ್ದಕ್ಕೆ ಗುರುತಾಗಿ ಟೇಪಿನ ಗೆರೆ ಕಪ್ಪಾಗಬೇಕು. ಹೊರಗೆ ತೆಗೆದಾಗ ಬಟ್ಟೆ ಒದ್ದೆ ಇದ್ದರೆ ಆ ಟ್ರೇ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ. ನಡುವೆ ಜನರೇಟರ್ ಕೈಕೊಟ್ಟರೂ ಅಷ್ಟೇ. ಅತ್ತ ಡಾಕ್ಟರು ಗ್ಲೌಸ್ ಹಾಕಿಕೊಂಡು ಕಾಯುತ್ತಾ ನಿಂತಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯದಲ್ಲಿ ಸರಿಯಾಗಿಯೇ ಹೇಳಿದೆ. ಆಪರೇಷನ್ ಮಾಡುವ ತುರ್ತು ತಂಡಕ್ಕೆ ಕನಿಷ್ಠ 20 ಹಾಸಿಗೆ, ದಿನಕ್ಕೆ 7 ದೊಡ್ಡ ಆಪರೇಷನ್ ಮಾಡುವ ಶಕ್ತಿ ಇರಬೇಕು. ಜೊತೆಗೆ ನೀರು, ಕರೆಂಟು, ಊಟ, ಕಕ್ಕಸು ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕು. ಮೊದಲೇ ನೊಂದ ಊರಿನ ಬಿಂದಿಗೆಗೆ ಕೈ ಹಾಕಬಾರದು. ಹಾಗಾಗಿ ನನ್ನ ಕೇಳಿದರೆ, ಹತ್ತು ಸರ್ಜನ್‌ಗಳನ್ನು ಕಳಿಸುವ ಕಡೆ ಆರು ಜನ ಸಾಕು. ಉಳಿದ ಸೀಟಿನಲ್ಲಿ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್, ಇಬ್ಬರು ಥಿಯೇಟರ್ ಹುಡುಗರು ಹೋಗಲಿ. ಡಾಕ್ಟರ್ ಗೆಳೆಯರು ಬೈದರೂ ಪರವಾಗಿಲ್ಲ.

ಭುಜ್‌ನವರು ಪಾಠ ಕಲಿತರು. 2004ರಲ್ಲಿ ತೆರೆದ ಹೊಸ ಆಸ್ಪತ್ರೆ ಸೀಸ ಮತ್ತು ರಬ್ಬರಿನ ದಿಂಬುಗಳ ಮೇಲೆ ನಿಂತಿದೆ. ನೆಲ ಅಲುಗಿದರೂ ಕಟ್ಟಡಕ್ಕೆ ಪೆಟ್ಟು ಕಮ್ಮಿ.

ನಮ್ಮಲ್ಲಿ? ನಾನು ಕೆಲಸ ಮಾಡುವ ಕಡೆ ಜನರೇಟರ್ ಇರೋದು ಬೇಸ್‌ಮೆಂಟಿನಲ್ಲಿ. ಹೋದ ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು. ಮೇಲಕ್ಕೆ ಸಾಗಿಸೋಣ ಸಾರ್ ಅಂತ ಮ್ಯಾನೇಜರಿಗೆ ಹೇಳಿದೆ. ‘ಇನ್ನೆರಡು ಇಟ್ಟಿಗೆ ಕೊಟ್ಟು ಎತ್ತರಿಸೋಣ ಬಿಡಪ್ಪಾ’ ಅಂದರು. ಇಟ್ಟಿಗೆ ಇನ್ನೂ ಬಂದಿಲ್ಲ.